ಮಕ್ಕಳಿಗೆ ಕೊಡಬೇಕಾದ ಆಕಾಶ

ಛತ್ರಪತಿ ಸಂಭಾಜಿನಗರ ಅಂದರೆ ಹಿಂದಿನ ಔರಂಗಾಬಾದ್. ಆ ಜಿಲ್ಲೆಯ ಕನ್ನಡ ತಾಲ್ಲೂಕನ್ನು ದಾಟಿ ಘಾಟಿ ಇಳಿದರೆ ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಸೀಮೆ ಬರುತ್ತದೆ. ಅಲ್ಲಿನ ಬೆಟ್ಟದ ಮಡಿಲಲ್ಲಿ ಪಾಟಣಾದೇವಿಯ ಗುಡಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸ ಭಾವು ದಾಜಿ ಅಲ್ಲಿನ ಒಂದು ಶಾಸನವನ್ನು ಬೆಳಕಿಗೆ ತಂದರು. ಶಕ 1128ರ, ಅಂದರೆ ಸುಮಾರು 1207ರ ಆ ಶಾಸನ ಯುದ್ಧದ ಗೆಲುವನ್ನು ಸಾರುವುದಿಲ್ಲ. ಗಣಿತಜ್ಞ ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವ ಅಲ್ಲೊಂದು ಮಠ ಕಟ್ಟಿಸಿದ. ಅಜ್ಜನ 'ಸಿದ್ಧಾಂತ ಶಿರೋಮಣಿ' ಮೊದಲಾದ ಗ್ರಂಥಗಳ ಪಾಠ ಅಲ್ಲಿ ನಡೆಯಬೇಕೆಂಬುದು ಅದರ ಉದ್ದೇಶ. ಆ ಪಾಠಶಾಲೆಯ ಖರ್ಚಿಗೆ ಸ್ಥಳೀಯ ಅರಸು ಮನೆತನ ದತ್ತಿ ಬಿಟ್ಟಿತು. ಶಾಸನದ ಹೆಚ್ಚಿನ ಭಾಗ ಸಂಸ್ಕೃತದಲ್ಲಿದೆ, ದತ್ತಿಯ ವಿವರ ಬರುವ ಕೊನೆಯ ಭಾಗ ಹಳೆಯ ಮರಾಠಿಯಲ್ಲಿದೆ. ಹಣ ಕೊಡುವ ಜನಕ್ಕೆ ಅದು ಯಾವುದಕ್ಕೆ ಎಂದು ತಿಳಿಯಬೇಕಲ್ಲ.

ಭಾಸ್ಕರರ ಹುಟ್ಟೂರು ನಮ್ಮ ವಿಜಯಪುರವೋ ಸಹ್ಯಾದ್ರಿಯ ಆಚೆಯ ಈ ಪಾಟಣವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆಕಾಶದ ವಿದ್ಯೆಯನ್ನು ಮುಂದಿನ ಪೀಳಿಗೆಗೆ ಕಲಿಸುವುದು ಸಾರ್ವಜನಿಕ ಹಣದಿಂದ ಆಗಬೇಕಾದ ಕೆಲಸ ಎಂದು ಎಂಟು ಶತಮಾನಗಳ ಹಿಂದೆಯೇ ಈ ನೆಲದ ಆಳ್ವಿಕೆ ಒಪ್ಪಿತ್ತು. ಇವತ್ತು ಅದೇ ಕೆಲಸವನ್ನು ನಮ್ಮ ಗಣರಾಜ್ಯದ ಪರವಾಗಿ ಇಸ್ರೋ ಮಾಡುತ್ತಿದೆ. ತನ್ನ ಎರಡು ಉಪಗ್ರಹಗಳಿಗೆ, 1979ರಲ್ಲಿ ಒಂದಕ್ಕೆ ಮತ್ತು 1981ರಲ್ಲಿ ಇನ್ನೊಂದಕ್ಕೆ, ಅದು ಭಾಸ್ಕರ ಎಂದೇ ಹೆಸರಿಟ್ಟಿತು.

ಶಾಸನ ಹೇಳುವ ಇನ್ನೊಂದು ಮಾತನ್ನೂ ಮರೆಯಬಾರದು. ಚಾಂಗದೇವ ದೇವಗಿರಿಯ ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ. ಗ್ರಹಗಳ ಚಲನೆಯನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಿದ, ಗ್ರಹಣ ಬೀಳುವ ಹೊತ್ತನ್ನು ನೆರಳಿನ ಗಣಿತದಿಂದ ಹೇಳಿದ ಅಜ್ಜನ ವಿದ್ಯೆ ಮೊಮ್ಮಗನ ಕಾಲಕ್ಕೆ ಅರಮನೆಯ ಮುಹೂರ್ತಕ್ಕೂ ದುಡಿಯುತ್ತಿತ್ತು. ಲೆಕ್ಕ ಸರಿಯಾಗಿತ್ತು, ಲೆಕ್ಕದ ಮೇಲೆ ಕಟ್ಟಿದ ನಂಬಿಕೆಯನ್ನು ಯಾರೂ ಪರೀಕ್ಷಿಸಲಿಲ್ಲ. ಪಾಠಶಾಲೆಯ ಬಾಗಿಲೂ ಕೆಲವೇ ಕುಲಗಳಿಗೆ ತೆರೆದಿತ್ತು. ಸಾರ್ವಜನಿಕ ಹಣದಿಂದ ವಿಜ್ಞಾನ ಕಲಿಸುವ ಯಾವುದೇ ಸಂಸ್ಥೆಗೆ ಈ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ನೀನು ಕಲಿಸಿದ ವಿದ್ಯೆ ಯಾವ ಮಗುವಿನವರೆಗೆ ತಲುಪಿತು? ತಲುಪಿದ ಮೇಲೆ ಆ ಮಗು 'ಇದು ನಿಜವೆಂದು ನಿನಗೆ ಹೇಗೆ ಗೊತ್ತು?' ಎಂದು ಕೇಳುವ ಧೈರ್ಯ ಪಡೆಯಿತೇ?

ಈ ಪ್ರಶ್ನೆಗಳಿಗೆ ಇಸ್ರೋ ಕೊಟ್ಟ ಮೊದಲ ಉತ್ತರ ಕನ್ನಡ ನಾಡಿನ ನೆನಪಿನಲ್ಲೂ ಇದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಬಂತು. 'ಸೈಟ್' ಎಂದು ಹೆಸರಾದ ಪ್ರಯೋಗ ಅದು. ಉಪಗ್ರಹ ಅಮೆರಿಕದ ನಾಸಾದ ಎಟಿಎಸ್-6. ನೆಲದ ಮೇಲಿನ ಏರ್ಪಾಡು, ಹಳ್ಳಿಯ ಟಿವಿ ಪೆಟ್ಟಿಗೆಗಳು, ತಂತಿಬಲೆಯ ದೊಡ್ಡ ಆಂಟೆನಾಗಳು ನಮ್ಮವು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ಕೆಯಾದವು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಸೌಲಭ್ಯ ತಲುಪುವುದರಲ್ಲಿ ಯಾವಾಗಲೂ ಕೊನೆಗುಳಿಯುವ ಜಿಲ್ಲೆಗಳನ್ನು ಇಲ್ಲಿ ಮೊದಲಿಗೆ ಇಟ್ಟರು. ಬೆಂಗಳೂರಿನ ಮನೆಗಳಿಗೆ ಟಿವಿ ಬರುವ ಮೊದಲೇ ಕಲಬುರಗಿ ಸೀಮೆಯ ಹಳ್ಳಿ ಶಾಲೆಯ ಮಕ್ಕಳು ಬೆಳಿಗ್ಗೆ ಕನ್ನಡದಲ್ಲಿ ಪಾಠದ ಕಾರ್ಯಕ್ರಮ ನೋಡಿದರು. ಸಂಜೆ ಊರವರು ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ವಿಷಯ ಕೇಳಿದರು. ಹಳ್ಳಿಯ ಪ್ರಾಥಮಿಕ ಶಾಲೆಗಳ ಸುಮಾರು 50,000 ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ಇದೇ ಏರ್ಪಾಡಿನಲ್ಲಿ ಸಿಕ್ಕಿತು.

ವರ್ಷದ ಕೊನೆಗೆ ಫಲ ಏನೆಂದು ಅಳೆದು ನೋಡಿದರು. ಶಾಲೆಯ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಆದರೆ ಟಿವಿ ನೋಡಿದ ಮಕ್ಕಳ ಮಾತು, ಭಾಷೆ ಬೆಳೆದಿತ್ತು. ಪಾಠದ ಹೊರಗಿನದನ್ನೂ ತಿಳಿದುಕೊಳ್ಳುವ ಆಸಕ್ತಿ ಹೆಚ್ಚಿತ್ತು. ಅಂಕವೊಂದನ್ನೇ ನಂಬಿದವರು ಪ್ರಯೋಗ ಸೋತಿತೆನ್ನಬಹುದು. ನಾನು ಹಾಗೆನ್ನಲಾರೆ. ಮಗು ತನಗೆ ಹೇಳಿದ್ದಕ್ಕಿಂತ ಹೆಚ್ಚು ತಿಳಿಯಲು ಬಯಸುವುದೇ ವಿಜ್ಞಾನ ಶಿಕ್ಷಣದ ಮೊದಲ ಫಲ. ಉಳಿದ ಫಲಗಳೆಲ್ಲ ಅದರ ಹಿಂದೆ ಬರುತ್ತವೆ.

ಆ ಪ್ರಯೋಗದ ಕಾಲದಲ್ಲಿ ಇಸ್ರೋದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರವನ್ನು ನಡೆಸುತ್ತಿದ್ದವರು ಪ್ರೊ. ಯಶಪಾಲ್. ಕಾಸ್ಮಿಕ್ ಕಿರಣಗಳ ಈ ವಿಜ್ಞಾನಿ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಕಲಿಯುವ ಕಾರ್ಯಕ್ರಮಕ್ಕೂ ಬೆನ್ನೆಲುಬಾಗಿ ನಿಂತವರು. ಪಾಠದ ಹೊರೆ ಇಳಿಸಬೇಕೆಂದು ಹೇಳಿದ 1993ರ ಸಮಿತಿಗೆ ಅಧ್ಯಕ್ಷರಾಗಿದ್ದವರೂ ಅವರೇ. 1995ರ ಸೆಪ್ಟೆಂಬರ್ 21ರಂದು ಗಣಪತಿ ವಿಗ್ರಹಗಳು ಹಾಲು ಕುಡಿಯುತ್ತವೆ ಎಂಬ ಸುದ್ದಿ ದೇಶವನ್ನೇ ಆವರಿಸಿತು. ಸರ್ಕಾರದ ವಿಜ್ಞಾನ ಸಂವಹನ ಮಂಡಳಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ವಿಗ್ರಹಕ್ಕೆ ಹಿಡಿದು, ಹಾಲು ಕಲ್ಲಿನ ಮೇಲೆ ತೆಳುವಾಗಿ ಹರಿದು ಇಳಿಯುವುದನ್ನು ತೋರಿಸಿದರು. ಮೇಲ್ಮೈ ಎಳೆತ ಏನೆಂದು ಜನ ಕಣ್ಣಾರೆ ಕಂಡರು. ಅದಾದ 33 ದಿನಕ್ಕೆ, ಅಕ್ಟೋಬರ್ 24ರಂದು, ಪೂರ್ಣ ಸೂರ್ಯಗ್ರಹಣ. ಆ ದಿನ ದೂರದರ್ಶನದಲ್ಲಿ ಗ್ರಹಣವನ್ನು ವಿವರಿಸಿದವರಲ್ಲಿ ಯಶಪಾಲ್ ಒಬ್ಬರು. ಒಂದೇ ಹಂಗಾಮಿನಲ್ಲಿ ಒಂದೇ ದೇಶ ಎರಡು ಸಾಮೂಹಿಕ ದೃಶ್ಯಗಳನ್ನು ಕಂಡಿತು. ಒಂದರಲ್ಲಿ ಕಣ್ಣು ಕಂಡದ್ದನ್ನು ಪರೀಕ್ಷಿಸದೆ ನಂಬುವ ಅವಸರವಿತ್ತು. ಇನ್ನೊಂದರಲ್ಲಿ ಹೆದರಿ ಬಾಗಿಲು ಹಾಕಿಕೊಳ್ಳುವ ಬದಲು ನೋಡಿ ತಿಳಿಯುವ ಸಂತೋಷವಿತ್ತು. ವಿಜ್ಞಾನ ಸಂಸ್ಥೆಯ ಹಿರಿಯರು ಜನರ ನಡುವೆ ಬಂದು ಜನರ ಮಾತಿನಲ್ಲಿ ಮಾತಾಡಿದರೆ ಎರಡನೆಯದು ಸಾಧ್ಯವಾಗುತ್ತದೆ.

ಉಪಗ್ರಹ ಪಾಠದ ಮುಂದಿನ ಹೆಜ್ಜೆ ನೋಡಲು ಮಹಾರಾಷ್ಟ್ರದ ನಾಸಿಕ್‌ಗೆ ಬರೋಣ. 1989ರಲ್ಲಿ ಅಲ್ಲಿ ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ ಆರಂಭವಾಯಿತು. ಹೊಲದಲ್ಲಿ ದುಡಿಯುವವರು, ಕಾರ್ಖಾನೆಗೆ ಹೋಗುವವರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಅಲ್ಲಿ ಮತ್ತೆ ಪುಸ್ತಕ ಹಿಡಿಯಬಹುದು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ ಎಡುಸ್ಯಾಟ್ ಅನ್ನು ಇಸ್ರೋ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿಸಿತು. ಅದರ ಮೊದಲ ಹಂತದ ಪ್ರಯೋಗಕ್ಕೆ ಮೂರು ವಿಶ್ವವಿದ್ಯಾಲಯಗಳನ್ನು ಆರಿಸಿಕೊಂಡರು: ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಮಧ್ಯಪ್ರದೇಶದ ರಾಜೀವ್ ಗಾಂಧಿ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ನಾಸಿಕ್‌ನ ಈ ಮುಕ್ತ ವಿಶ್ವವಿದ್ಯಾಲಯ. ಬೆಳಗಾವಿಯ ವಿಟಿಯು ಮತ್ತು ನಾಸಿಕ್ ಒಂದೇ ಆಕಾಶಯಾನದ ಜೊತೆಗಾರರಾದವು. ಒಬ್ಬ ಒಳ್ಳೆಯ ಅಧ್ಯಾಪಕ ಸ್ಟುಡಿಯೋದಲ್ಲಿ ನಿಂತು ಮಾಡುವ ಪಾಠವನ್ನು ದೂರದ ಹತ್ತಾರು ಕೇಂದ್ರಗಳ ವಿದ್ಯಾರ್ಥಿಗಳು ಅದೇ ಹೊತ್ತಿಗೆ ಕೇಳಿ ತಿರುಗಿ ಪ್ರಶ್ನೆಯನ್ನೂ ಕೇಳಬಹುದಿತ್ತು. ಒಳ್ಳೆಯ ಕಾಲೇಜಿನ ಶುಲ್ಕ ಕಟ್ಟಲಾಗದವನಿಗೂ ಒಳ್ಳೆಯ ಪಾಠ ಸಿಗಲಿ ಎಂಬುದು ಅದರ ಹಿಂದಿದ್ದ ನ್ಯಾಯ. ನಮ್ಮ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೂ ಎಡುಸ್ಯಾಟ್ ಪಾಠ ತಲುಪಿತು.

ಆದರೆ ಇಲ್ಲಿಂದ ಮುಂದಿನ ಕಥೆಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಉಪಗ್ರಹದ ಆಯುಸ್ಸು 2010ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ ಅನೇಕ ಕಡೆ ನೆಲದ ಮೇಲಿನ ವ್ಯವಸ್ಥೆ ಸೊರಗಿತ್ತು. ಎಡುಸ್ಯಾಟ್ ಬಳಕೆಯ ಲೋಪಗಳನ್ನು ಮಹಾಲೇಖಪಾಲರ ವರದಿಯೂ ಎತ್ತಿ ತೋರಿಸಿತು. ಆಕಾಶದಲ್ಲಿ 36,000 ಕಿ.ಮೀ. ಎತ್ತರದಲ್ಲಿ ಯಂತ್ರ ತಪ್ಪದೆ ಕೆಲಸ ಮಾಡುತ್ತದೆ, ನೆಲದ ಮೇಲೆ ಕರೆಂಟು ಇಲ್ಲದೆ, ರಿಪೇರಿಯವನು ಬಾರದೆ, ಪಾಠದ ವೇಳಾಪಟ್ಟಿ ಹೊಂದದೆ ಪರದೆ ಕಪ್ಪಾಗಿ ಉಳಿಯುತ್ತದೆ. ಇದು ತಂತ್ರಜ್ಞಾನದ ಸೋಲಲ್ಲ. ಶಿಕ್ಷಕರನ್ನೂ ಶಾಲೆಯನ್ನೂ ಯೋಜನೆಯ ನಡುವೆ ಇಡದೆ ಅಂಚಿಗೆ ತಳ್ಳಿದ್ದರ ಫಲ. ಹೊಸ ಉಪಗ್ರಹಕ್ಕೆ ಹಣ ಸಿಗುವಷ್ಟು ಸುಲಭವಾಗಿ ಹಳ್ಳಿ ಶಾಲೆಯ ವಿಜ್ಞಾನ ಮೇಷ್ಟ್ರ ಖಾಲಿ ಹುದ್ದೆ ತುಂಬುವುದಿಲ್ಲ ಎಂಬುದನ್ನು ನಾವು ಸಮಾಜವಾಗಿ ನಾಚಿಕೆಯಿಂದ ಒಪ್ಪಿಕೊಳ್ಳಬೇಕು.

ಈಗ ಇಸ್ರೋದ ಶಿಕ್ಷಣ ಸೇವೆ ಹಲವು ಕವಲಾಗಿ ಹರಿದಿದೆ. 2019ರಲ್ಲಿ ಆರಂಭವಾದ 'ಯುವಿಕಾ' ಕಾರ್ಯಕ್ರಮದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ದೇಶದ ಎಲ್ಲ ರಾಜ್ಯಗಳಿಂದ ಆರಿಸಿ, ಸುಮಾರು ಎರಡು ವಾರ ಇಸ್ರೋ ಕೇಂದ್ರಗಳಲ್ಲಿ ಇಟ್ಟುಕೊಂಡು ಕಲಿಸುತ್ತಾರೆ. ಪ್ರಯಾಣ, ಊಟ, ವಸತಿಯ ಖರ್ಚು ಸಂಸ್ಥೆಯದೇ. ಗ್ರಾಮೀಣ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕವಿದೆ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ 2007ರಿಂದ ಕಾಲೇಜುಗಳಿಗೆ ದೂರದಿಂದಲೇ ಕಲಿಯುವ ಉಚಿತ ಕೋರ್ಸುಗಳನ್ನು ನಡೆಸುತ್ತಿದೆ. ರಾಕೆಟ್, ಉಪಗ್ರಹಗಳ ಮಾದರಿ ತುಂಬಿದ ಪ್ರದರ್ಶನದ ಬಸ್ಸು ಊರೂರಿಗೆ ಹೋಗುತ್ತದೆ. ಇಸ್ರೋ ಒಂದೇ ಎಲ್ಲ ಶಾಲೆಗಳನ್ನು ಮುಟ್ಟಲಾರದು. ಆದ್ದರಿಂದ ಆಸಕ್ತಿಯುಳ್ಳ ಸಂಘ-ಸಂಸ್ಥೆಗಳನ್ನು 'ಸ್ಪೇಸ್ ಟ್ಯೂಟರ್' ಎಂದು ನೋಂದಾಯಿಸಿಕೊಂಡು ಅವುಗಳ ಮೂಲಕವೂ ಕೆಲಸ ಮಾಡುತ್ತದೆ. ನಾಸಿಕ್ ಮತ್ತು ಸಂಭಾಜಿನಗರದಂಥ ಊರುಗಳಿಗೆ ಈ ಏರ್ಪಾಡು ಬಹಳ ಮುಖ್ಯ. ಮುಂಬಯಿ, ಪುಣೆಯ ಮಗುವಿಗೆ ಸಂಶೋಧನಾ ಸಂಸ್ಥೆಗಳು ಕೈಗೆಟಕುವ ದೂರದಲ್ಲಿವೆ. ಮರಾಠವಾಡದ ಮಗುವಿಗೆ ಹಾಗಿಲ್ಲ. ಸಂಭಾಜಿನಗರದ ಎಂಜಿಎಂ ಆವರಣದಲ್ಲಿ ಅಬ್ದುಲ್ ಕಲಾಂ ಹೆಸರಿನ ಖಗೋಳ ಮತ್ತು ಬಾಹ್ಯಾಕಾಶ ವಿಜ್ಞಾನ ಕೇಂದ್ರವಿದೆ. ಆ ಸೀಮೆಯ ಮಕ್ಕಳಿಗೆ ದೂರದರ್ಶಕದಲ್ಲಿ ಕಣ್ಣಿಡುವ ಅವಕಾಶ ಇಂಥ ಜಾಗಗಳಲ್ಲೇ ಸಿಗಬೇಕು.

ಇವೆಲ್ಲ ಒಳ್ಳೆಯ ಕೆಲಸಗಳು, ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಲೆಕ್ಕ ಹಾಕಿ ನೋಡಬೇಕು. ದೇಶದಲ್ಲಿ ಒಂಬತ್ತನೆಯ ತರಗತಿ ಓದುವ ಮಕ್ಕಳು ಕೋಟಿಗೂ ಹೆಚ್ಚು. ಯುವಿಕಾಗೆ ಹೋಗುವವರು ವರ್ಷಕ್ಕೆ ಕೆಲವು ನೂರು. ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕಗಳಿಗೆ ದೊಡ್ಡ ಪಾಲಿದೆ, ಅರ್ಜಿ, ರಸಪ್ರಶ್ನೆ ಎಲ್ಲ ಅಂತರ್ಜಾಲದಲ್ಲಿ. ಚೆನ್ನಾಗಿ ಓದುವ, ಮನೆಯಲ್ಲಿ ಫೋನು ಇರುವ, ಮೇಷ್ಟ್ರು ಹುರಿದುಂಬಿಸುವ ಮಗು ಒಳಗೆ ಬರುತ್ತದೆ. ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಪಶ್ಚಿಮ ಮಹಾರಾಷ್ಟ್ರಕ್ಕೋ ಉತ್ತರ ಕರ್ನಾಟಕಕ್ಕೋ ಗುಳೆ ಹೋಗಿ, ವರ್ಷದ ಅರ್ಧ ಶಾಲೆ ಕಳೆದುಕೊಳ್ಳುವ ಮರಾಠವಾಡದ ಹುಡುಗಿ ಹೊರಗೇ ಉಳಿಯುತ್ತಾಳೆ. ಅವಳ ತಲೆಯ ಮೇಲೂ ಅದೇ ನಕ್ಷತ್ರಗಳಿವೆ. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಮಲಗುವ ಆಕೆಗೆ ನಗರದ ಮಗುವಿಗಿಂತ ಹೆಚ್ಚೇ ಕಾಣುತ್ತವೆ. ಅವುಗಳ ಹೆಸರು ಹೇಳುವವರು ಅವಳಿಗಿಲ್ಲ.

ಇದೇ ಸಂಭಾಜಿನಗರದಲ್ಲಿ 1950ರಲ್ಲಿ ಡಾ. ಅಂಬೇಡ್ಕರ್ ಕಾಲೇಜು ತೆರೆದರು. ನಿಜಾಮರ ಆಳ್ವಿಕೆಯಿಂದ ಆಗಷ್ಟೇ ಹೊರಬಂದಿದ್ದ, ಓದಿನಲ್ಲಿ ತೀರ ಹಿಂದುಳಿದಿದ್ದ ಮರಾಠವಾಡವನ್ನೇ ಅವರು ಆರಿಸಿಕೊಂಡರು. ಮುಂದೆ ಅದಕ್ಕೆ ಮಿಲಿಂದ ಮಹಾವಿದ್ಯಾಲಯ ಎಂಬ ಹೆಸರು ಬಂತು. ಬೌದ್ಧ ಭಿಕ್ಷು ನಾಗಸೇನನ ಮುಂದೆ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಗ್ರೀಕ್ ದೊರೆ ಮಿಲಿಂದ. ಯಾರನ್ನು ಶತಮಾನಗಳ ಕಾಲ ಪಾಠಶಾಲೆಯ ಹೊಸ್ತಿಲಿನಾಚೆ ನಿಲ್ಲಿಸಲಾಗಿತ್ತೋ ಅವರ ಮಕ್ಕಳಿಗೆ ಅಂಬೇಡ್ಕರ್ ಬಾಗಿಲು ತೆರೆದರು. ತೆರೆದು ಕೇಳುವ ಹಕ್ಕನ್ನೂ ಕೊಟ್ಟರು. ಚಾಂಗದೇವನ ಮಠದಲ್ಲಿ ಇಲ್ಲದ್ದು ಇದು. ವಿಜ್ಞಾನ ಶಿಕ್ಷಣದ ಆದರ್ಶವನ್ನು ಹುಡುಕುವ ಬಾಹ್ಯಾಕಾಶ ಸಂಸ್ಥೆಗೆ ಆ ಊರಿನಲ್ಲೇ ಮಾದರಿ ಸಿದ್ಧವಿದೆ.

ಮಗು ಕೇಳುವ ಧೈರ್ಯ ಪಡೆಯಿತೇ ಎಂಬ ಎರಡನೆಯ ಪ್ರಶ್ನೆ ಇನ್ನೂ ಕಠಿಣ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಕರಾವಳಿಯಲ್ಲಿ, ಕಾಸರಗೋಡು ಸೀಮೆಯಲ್ಲಿ ಬೆಂಕಿಯ ಬಳೆಯಂಥ ಸೂರ್ಯನನ್ನು ನೋಡಲು ಮಕ್ಕಳು ಕಪ್ಪು ಕನ್ನಡಕ ಹಿಡಿದು ನಿಂತಿದ್ದರು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆ. ಕಲಬುರಗಿಯೆಂದರೆ 44 ವರ್ಷಗಳ ಹಿಂದೆ ಉಪಗ್ರಹದ ಪಾಠ ಇಳಿದುಬಂದಿದ್ದ ಜಿಲ್ಲೆ.

ಆ ತಾಯಂದಿರನ್ನು ಹಳಿಯಲು ನನಗೆ ಮನಸ್ಸಿಲ್ಲ. ಮಗುವಿನ ಕಾಲು ನಿಲ್ಲಲಿ ಎಂದು ಹಂಬಲಿಸುವವಳು ಕ್ರೂರಿಯಲ್ಲ. ಮನೆಯ ಹತ್ತಿರ ಫಿಸಿಯೋಥೆರಪಿ ಕೇಂದ್ರವಿದ್ದಿದ್ದರೆ, 'ಇದು ಹೀಗೆ ವಾಸಿಯಾಗುವಂಥದ್ದಲ್ಲ ತಾಯಿ, ಆದರೆ ಮಗು ಚೆನ್ನಾಗಿ ಬದುಕಲು ಇಷ್ಟನ್ನು ಮಾಡಬಹುದು' ಎಂದು ಕೂತು ಹೇಳುವ ವೈದ್ಯರು ಇದ್ದಿದ್ದರೆ ಅವಳು ಮಣ್ಣು ತೋಡುತ್ತಿರಲಿಲ್ಲ. ಬಡತನ ಮತ್ತು ಅಸಹಾಯಕತೆ ಇರುವ ಕಡೆ ಮೂಢನಂಬಿಕೆ ಔಷಧದ ವೇಷದಲ್ಲಿ ಬರುತ್ತದೆ. ವಿಚಾರವಾದ ಎಂದರೆ ನಂಬುವವರನ್ನು ಗೇಲಿ ಮಾಡುವುದಲ್ಲ, ಅವರ ಮಕ್ಕಳ ನೋವಿಗೆ ನಿಜವಾದ ಉತ್ತರ ಹುಡುಕುವುದು. ಗ್ರಹಣ ಹೇಗಾಗುತ್ತದೆ ಎಂದು ಆ ಊರಿನ ಶಾಲೆಯಲ್ಲಿ ಪಾಠ ನಡೆದೇ ಇರುತ್ತದೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದವರೂ ಇರುತ್ತಾರೆ. ಆ ಪಾಠ ಪುಸ್ತಕದಿಂದ ಎದ್ದು ಮನೆಯವರೆಗೆ ನಡೆಯಲಿಲ್ಲ. ವಿಜ್ಞಾನವನ್ನು ವಿಷಯವಾಗಿ ಕಲಿಸಿದೆವು, ಬದುಕುವ ಕ್ರಮವಾಗಿ ಕಲಿಸಲಿಲ್ಲ.

ಹಾಗೆ ಕಲಿಸಲು ಹೊರಟವರಿಗೆ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ದಾರಿ ತೋರಿದವರಿದ್ದಾರೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಎಂದು ಸಂವಿಧಾನಕ್ಕೆ 42ನೆಯ ತಿದ್ದುಪಡಿಯಿಂದ ಸೇರಿದ್ದು 1976ರಲ್ಲಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಪರೀಕ್ಷೆಗೆ ಸಿದ್ಧರಾಗಿ ಎಂದಷ್ಟೇ ಅವರು ಕೇಳಿದ್ದು. ಮಹಾರಾಷ್ಟ್ರದಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರರು ನರೇಂದ್ರ ದಾಭೋಲ್ಕರರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಜೊತೆ ಸೇರಿ ಜಾತಕ ಶಾಸ್ತ್ರವನ್ನೇ ಪರೀಕ್ಷೆಗಿಟ್ಟರು. ಓದಿನಲ್ಲಿ ಮುಂದಿದ್ದ 100 ಮಕ್ಕಳ ಮತ್ತು ಬುದ್ಧಿಮಾಂದ್ಯ 100 ಮಕ್ಕಳ ಜಾತಕ ಬರೆಸಿ ಬೆರೆಸಿದರು. ಮುಂದೆ ಬಂದ ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು ಯಾವುದು ಯಾರದೆಂದು ಗುರುತಿಸಲು ಹೇಳಿದರು, 27 ಮಂದಿ ಉತ್ತರ ಕಳಿಸಿದರು. ಸರಿಯಾದ ಉತ್ತರ ಸುಮಾರು ಶೇ. 46. ನಾಣ್ಯ ಚಿಮ್ಮಿದ್ದರೂ ಶೇ. 50ರಷ್ಟು ಸರಿಯಾಗುತ್ತಿತ್ತು. ಇದಕ್ಕೆ ರಾಕೆಟ್ ಬೇಕಾಗಲಿಲ್ಲ, ಕಾಗದ ಮತ್ತು ಪ್ರಾಮಾಣಿಕತೆ ಸಾಕಾಯಿತು. ಹೈಸ್ಕೂಲಿನ ಮಕ್ಕಳು ಈ ವಿಧಾನವನ್ನು ಅರ್ಥ ಮಾಡಿಕೊಳ್ಳಬಲ್ಲರು. ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಎರಡು ವರ್ಷಕ್ಕೆ, ಆಗಸ್ಟ್ 30ರಂದು, ಧಾರವಾಡದಲ್ಲಿ ವಿದ್ವಾಂಸ, ವಿಚಾರವಾದಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದರು.

ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದದ್ದು 2023ರ ಆಗಸ್ಟ್ 23ರಂದು. ಆ ದಿನ ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಆಗಸ್ಟ್ 20ನ್ನು ಜನವಿಜ್ಞಾನ ಸಂಘಟನೆಗಳು ವೈಜ್ಞಾನಿಕ ಮನೋಭಾವ ದಿನವೆಂದು ಆಚರಿಸುತ್ತವೆ. ಎರಡರ ನಡುವೆ ಮೂರೇ ದಿನದ ಅಂತರ. ನಮ್ಮ ಶಾಲೆಗಳು 23ಕ್ಕೆ ರಂಗೋಲಿ ಬಿಡಿಸಿ ರಾಕೆಟ್ಟಿನ ಮಾದರಿ ಮಾಡುತ್ತವೆ, 20ರ ಹೆಸರೆತ್ತಲು ಹೆದರುತ್ತವೆ. ಚಂದ್ರನ ಮೇಲೆ ಇಳಿಯುವುದು ಮತ್ತು 'ಹೇಗೆ ಗೊತ್ತು?' ಎಂದು ಕೇಳುವುದು ಒಂದೇ ಮನಸ್ಸಿನ ಎರಡು ಕೆಲಸಗಳು. ಒಂದನ್ನು ಮೆರವಣಿಗೆ ಮಾಡಿ ಇನ್ನೊಂದನ್ನು ಮುಚ್ಚಿಡುವ ಶಿಕ್ಷಣ ಮಕ್ಕಳಿಗೆ ಸುಳ್ಳು ಹೇಳುತ್ತದೆ.

ಇಲ್ಲಿ ಇಸ್ರೋದ ಹಿರಿಯರಿಗೂ ಒಂದು ಮಾತು ಹೇಳಲೇಬೇಕು. ಉಡಾವಣೆಗೆ ಮುನ್ನ ಉಪಗ್ರಹದ ಪುಟ್ಟ ಮಾದರಿಯನ್ನು ತಿರುಮಲಕ್ಕೆ ಒಯ್ದು ಪೂಜೆ ಮಾಡಿಸುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ವಿಜ್ಞಾನಿಯೊಬ್ಬರ ಖಾಸಗಿ ಶ್ರದ್ಧೆ ಅವರ ಹಕ್ಕು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಯೋಜನೆ ಎಲ್ಲ ಧರ್ಮದವರ, ಧರ್ಮವಿಲ್ಲದವರ ತೆರಿಗೆಯದು. ಟಿವಿಯಲ್ಲಿ ಅದನ್ನು ನೋಡುವ ಮಗು, ಲೆಕ್ಕ ಸರಿಯಿದ್ದರೂ ಸಾಲದು ಎಂದು ಕಲಿಯುತ್ತದೆ. ಸಾವಿರಾರು ಎಂಜಿನಿಯರುಗಳು ರಾತ್ರಿ ಹಗಲು ಮಾಡಿದ ಪರೀಕ್ಷೆಗಳನ್ನು ಆ ಒಂದು ಚಿತ್ರ ಮರೆಸುತ್ತದೆ.

ಇಸ್ರೋ ಮಕ್ಕಳಿಗೆ ಕೊಡಬಹುದಾದ ದೊಡ್ಡ ಪಾಠ ಅದರ ಸೋಲುಗಳಲ್ಲೇ ಇದೆ. 2022ರ ಆಗಸ್ಟ್ 7ರಂದು ಎಸ್ಎಸ್ಎಲ್‌ವಿಯ ಮೊದಲ ಹಾರಾಟದಲ್ಲಿ 'ಆಜಾದಿಸ್ಯಾಟ್' ಎಂಬ ಪುಟ್ಟ ಉಪಗ್ರಹವಿತ್ತು. ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಅದರ ಉಪಕರಣಗಳಿಗೆ ಕೈ ಹಚ್ಚಿದ್ದರು. ಹಂತಗಳು ಬೇರ್ಪಡುವಾಗಿನ ಅದುರುವಿಕೆಯಿಂದ ಸಂವೇದಕಗಳು ಕೆಟ್ಟಿವೆಯೆಂದು ರಾಕೆಟ್ಟಿನ ಕಂಪ್ಯೂಟರ್ ತಪ್ಪಾಗಿ ತಿಳಿಯಿತು. ಉಪಗ್ರಹ ಸರಿಯಾದ ಕಕ್ಷೆ ಸೇರದೆ ನಷ್ಟವಾಯಿತು. ಇಸ್ರೋ ಅಂದೇ ಸೋಲನ್ನು ಹೇಳಿತು, ಕಾರಣ ಹುಡುಕಿ ಪ್ರಕಟಿಸಿತು, ತಿದ್ದಿಕೊಂಡಿತು. ಮರುವರ್ಷ ಫೆಬ್ರುವರಿ 10ರಂದು ಆಜಾದಿಸ್ಯಾಟ್-2 ಕಕ್ಷೆ ಸೇರಿತು. 1979ರಲ್ಲಿ ಎಸ್ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಗೆದ್ದಾಗ ಮಾತಾಡಲು ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು. ತಪ್ಪನ್ನು ಒಪ್ಪಿಕೊಳ್ಳುವುದು, ಕಾರಣ ಕೇಳುವುದು, ಕಿರಿಯರ ಮೇಲೆ ದೂರು ಹಾಕದಿರುವುದು, ಗೆಲುವನ್ನು ಹಂಚುವುದು ಮನುಷ್ಯತ್ವದ ಪಾಠಗಳು. ಯಾವ ನೀತಿಪಾಠದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಇವನ್ನು ಹೇಳಲಾರದು. ಪರೀಕ್ಷೆಯಲ್ಲಿ ಫೇಲಾದೆನೆಂದು ಜೀವ ಕಳೆದುಕೊಳ್ಳುವ ಮಕ್ಕಳಿರುವ ದೇಶದಲ್ಲಿ ರಾಕೆಟ್ಟಿನ ಸೋಲನ್ನೂ ಪಠ್ಯವಾಗಿ ಕಲಿಸಬೇಕು.

ನಾಸಿಕ್ ಮತ್ತು ಸಂಭಾಜಿನಗರದ ನೆಲದಲ್ಲಿ ಇಂಥ ಪಾಠಕ್ಕೆ ಬೇಕಾದ್ದೆಲ್ಲ ಇದೆ. ನಾಸಿಕ್ ಮತ್ತು ತ್ರ್ಯಂಬಕೇಶ್ವರದ ಸಿಂಹಸ್ಥ ಕುಂಭಮೇಳ ಗುರುಗ್ರಹ ಸಿಂಹರಾಶಿಗೆ ಬಂದಾಗ ನಡೆಯುತ್ತದೆ. 2015ರಲ್ಲಿ ನಡೆದಿತ್ತು, ಮುಂದಿನ ಮುಖ್ಯ ಸ್ನಾನಗಳು 2027ರಲ್ಲಿ. ಗುರು ಸೂರ್ಯನನ್ನು ಒಂದು ಸುತ್ತು ಹಾಕಲು 11.86 ವರ್ಷ ಬೇಕು, ಅಂದರೆ 12 ವರ್ಷಕ್ಕೆ ಸುಮಾರು 50 ದಿನ ಕಡಿಮೆ. ಆ ದಿನಗಳು ಸೇರಿ ಸೇರಿ, ಒಮ್ಮೊಮ್ಮೆ ಮೇಳ 11 ವರ್ಷಕ್ಕೇ ಬರುತ್ತದೆ. ಹರಿದ್ವಾರದಲ್ಲಿ 2010ರ ಮೇಳದ ನಂತರದ್ದು 2021ಕ್ಕೆ ಬಂದದ್ದು ಹೀಗೆ. ಲಕ್ಷಾಂತರ ಜನ ಗೋದಾವರಿಯಲ್ಲಿ ಮುಳುಗುವುದಕ್ಕೆ ನೆಪವಾದ ಆ ಗ್ರಹವನ್ನು ಅವರಲ್ಲಿ ಎಷ್ಟು ಜನ ಗುರುತಿಸಬಲ್ಲರು? ಸಾಧಾರಣ ದುರ್ಬೀನಿನಲ್ಲೂ ಅದರ ನಾಲ್ಕು ಚಂದ್ರಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ಕಂಡು, ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ನಂಬಿಕೆಯನ್ನು ಅಲುಗಿಸಿದ ಚಂದ್ರಗಳು ಅವು. ನಾಸಿಕ್‌ನ ಶಾಲೆಗಳ ಅಂಗಳದಲ್ಲಿ ಇಸ್ರೋದ ನೆರವಿನಿಂದ ಮಕ್ಕಳು ರಾತ್ರಿ ರಾತ್ರಿ ಅವುಗಳ ಜಾಗ ಗುರುತಿಸಿ ಬರೆದಿಟ್ಟರೆ, ಗುರು ಯಾರ ಮದುವೆಯನ್ನೂ ತಡೆಯುವುದಿಲ್ಲ ಎಂಬುದು ಯಾರೂ ಭಾಷಣ ಮಾಡದೆಯೇ ಅರ್ಥವಾಗುತ್ತದೆ.

ಸಂಭಾಜಿನಗರದಿಂದ ಸುಮಾರು 150 ಕಿ.ಮೀ. ದೂರದ ಲೋಣಾರ್‌ನಲ್ಲಿ 1.8 ಕಿ.ಮೀ. ಅಗಲದ ಕುಳಿಯಿದೆ. ಲವಣಾಸುರನನ್ನು ವಿಷ್ಣು ಕೊಂದ ಜಾಗ ಎಂದು ಸ್ಥಳಪುರಾಣ. ಉಲ್ಕೆ ಬಡಿದ ಕುಳಿ ಎಂದು ಅಲ್ಲಿನ ಕಲ್ಲುಗಳೇ ಹೇಳುತ್ತವೆ. ಭಾರಿ ಆಘಾತದಿಂದ ಮಾತ್ರ ಆಗುವ ಗಾಜಿನಂಥ ವಸ್ತು ಅಲ್ಲಿ ಸಿಕ್ಕಿದೆ. ಚಂದ್ರನಲ್ಲಿರುವಂತೆ ಅದೂ ಬಸಾಲ್ಟ್ ಶಿಲೆಯಲ್ಲಿ ಆದ ಕುಳಿ. 2020ರ ಜೂನ್‌ನಲ್ಲಿ ಆ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಊಹಾಪೋಹ ಹರಡಿತು. ಪುಣೆಯ ಅಘಾರ್ಕರ್ ಸಂಸ್ಥೆ ನೀರು ಪರೀಕ್ಷಿಸಿ, ಉಪ್ಪು ಹೆಚ್ಚಿದಾಗ ಬೆಳೆಯುವ ಸೂಕ್ಷ್ಮಜೀವಿಗಳು ಕಾರಣವೆಂದು ತಿಳಿಸಿತು. ಇಸ್ರೋದ 'ಭುವನ್' ನಕ್ಷೆಯಲ್ಲಿ ಮಕ್ಕಳು ಈ ಕುಳಿಯನ್ನೂ ತಮ್ಮೂರ ಕೆರೆಯನ್ನೂ ನೋಡಬಹುದು. ಮತ್ತೆ ಮತ್ತೆ ಬರ ಕಾಣುವ ಮರಾಠವಾಡದಲ್ಲಿ, ಕಲ್ಯಾಣ ಕರ್ನಾಟಕದಲ್ಲಿ ಮಕ್ಕಳೇ ಬಾವಿಯ ನೀರಿನ ಮಟ್ಟ ಅಳೆದು ಉಪಗ್ರಹದ ಚಿತ್ರದ ಜೊತೆ ಹೋಲಿಸಿ ಗ್ರಾಮಸಭೆಯ ಮುಂದಿಟ್ಟರೆ ಬಾಹ್ಯಾಕಾಶ ವಿಜ್ಞಾನ ಊರಿನ ಬಾಯಾರಿಕೆಗೆ ಉತ್ತರ ಹೇಳತೊಡಗುತ್ತದೆ.

ಇದಕ್ಕೆ ಬೇಕಾದ್ದು ಮೂರು. ಮೊದಲನೆಯದು ಮಗುವಿನ ಭಾಷೆ. 1975ರಲ್ಲಿ ಉಪಗ್ರಹ ಕನ್ನಡ ಮಾತಾಡಿತ್ತು. ಇವತ್ತಿನ ಕೋರ್ಸುಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿವೆ. ಮರಾಠಿಯಲ್ಲಿ, ಕನ್ನಡದಲ್ಲಿ ಅಷ್ಟೇ ಗುಣಮಟ್ಟದ ಪಾಠ ಬರಬೇಕು. ಎರಡನೆಯದು ಶಿಕ್ಷಕರು. ಮಗುವನ್ನು ಎರಡು ವಾರ ಕರೆದೊಯ್ದರೆ ಒಂದು ಮಗು ಬೆಳೆಯುತ್ತದೆ, ಅದರ ಮೇಷ್ಟ್ರನ್ನು ಕರೆದೊಯ್ದರೆ ಮೂವತ್ತು ವರ್ಷದ ತರಗತಿಗಳು ಬೆಳೆಯುತ್ತವೆ. ಮೂರನೆಯದು ಆಯ್ಕೆಯ ನ್ಯಾಯ. ಆಶ್ರಮ ಶಾಲೆ, ಗುಳೆ ಹೋಗುವವರ ಮಕ್ಕಳ ವಸತಿ ಶಾಲೆ, ಅಂಗವಿಕಲ ಮಕ್ಕಳ ಶಾಲೆಗಳಿಗೆ ಅಂಕ ಕೇಳದೆ ಹೋಗಬೇಕು. ಪ್ರದರ್ಶನದ ಬಸ್ಸು ಮೊದಲು ಅಲ್ಲಿ ನಿಲ್ಲಬೇಕು.

ಬಾಹ್ಯಾಕಾಶ ಸಂಸ್ಥೆಯ ಶಿಕ್ಷಣ ಸೇವೆಯನ್ನು ಎಷ್ಟು ಪ್ರಮಾಣಪತ್ರ ಹಂಚಿತು, ಎಷ್ಟು ವಿಜ್ಞಾನಿಗಳನ್ನು ಹುಟ್ಟಿಸಿತು ಎಂಬುದರಿಂದ ಮಾತ್ರ ಅಳೆಯಬಾರದು. ರಾಕೆಟ್ ಕಟ್ಟುವವರು ಕೆಲವರೇ ಆಗುತ್ತಾರೆ. ಉಳಿದ ಕೋಟ್ಯಂತರ ಮಕ್ಕಳು ರೈತರು, ನರ್ಸುಗಳು, ಚಾಲಕರು, ಗುಮಾಸ್ತರು, ತಾಯ್ತಂದೆಯರು ಆಗುತ್ತಾರೆ. ಗ್ರಹಣದ ದಿನ ಅವರು ತಮ್ಮ ಮಗುವಿನ ಕೈ ಹಿಡಿದು ಹೊರಗೆ ಬರುತ್ತಾರೋ, ಮಣ್ಣು ತೋಡುತ್ತಾರೋ ಎಂಬುದರಲ್ಲೇ ನಮ್ಮ ವಿಜ್ಞಾನ ಶಿಕ್ಷಣದ ಫಲಿತಾಂಶ ಬರೆದಿರುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಬರುವ ಆಗಸ್ಟ್‌ನಲ್ಲಿ ನಿಮ್ಮೂರ ಸರ್ಕಾರಿ ಶಾಲೆಗೆ ಹೋಗಿ, 20ರಿಂದ 23ರವರೆಗಿನ ನಾಲ್ಕೂ ದಿನವನ್ನು ಒಂದೇ ಹಬ್ಬವಾಗಿ ಆಚರಿಸಲು ಮೇಷ್ಟ್ರಿಗೆ ನೆರವಾಗಿ. ಭಾಷಣ ಕಡಿಮೆ ಮಾಡಿ, ಮಕ್ಕಳ ಪ್ರಶ್ನೆಗಳಿಗೆ ಕಿವಿಗೊಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ, ಅವರ ಜೊತೆ ಕೂತು ಹುಡುಕಿ. ವಿಜ್ಞಾನ ಅಲ್ಲಿಂದಲೇ ಶುರುವಾಗುತ್ತದೆ.